ಔಷಧಿ ಇಲ್ಲದ ಮನೆ

ಕಲ್ಲಿನ ಗೋಡೆಗಳು ಎದೆಮಟ್ಟಕ್ಕೆ ಎದ್ದಿದ್ದವು. ಬಾಗಿಲಿನ ಚೌಕಟ್ಟು ಇನ್ನೂ ಕೂಡಿಸಿರಲಿಲ್ಲ. ಚೌಕಟ್ಟು ಬರಬೇಕಾದ ಆ ಖಾಲಿ ಜಾಗದಲ್ಲಿ ನಿಂತು ಅಪ್ಪ ನಮ್ಮೆಲ್ಲರನ್ನೂ ಕರೆದ. ಅವ್ವನ ಮೊಣಕೈವರೆಗೆ ಕೆಸರು. ತಮ್ಮ ಯೋನಾ ನನ್ನ ಸೊಂಟದ ಮೇಲಿದ್ದ. ಅಪ್ಪನನ್ನು ಹೆತ್ತ ಅಜ್ಜಿ ಹುಲಿಗೆಮ್ಮ ಮಾತ್ರ ಹತ್ತಿರ ಬರದೆ, ದೂರದ ಬಂಡೆಯೊಂದರ ಮೇಲೆ ಕೂತು ಎಲೆಯಡಿಕೆ ಅಗಿಯುತ್ತಿದ್ದಳು.

"ಈ ಮನ್ಯಾಗ ದೇವರ ಮಾತು ಇರ್ತದ, ಪ್ರಾರ್ಥನಾ ಇರ್ತದ. ಔಷಧಿ ಬರಂಗಿಲ್ಲ. ಒಂದು ಗುಳಿಗಿ ಸೈತ ಬರಂಗಿಲ್ಲ. ನಮಗ ವೈದ್ಯ ಒಬ್ಬನ ಅದಾನ," ಎಂದ ಅಪ್ಪ.

ಅವ್ವ ಕೈಯಲ್ಲಿದ್ದ ಕೆಸರಿನ ಮುದ್ದೆಯನ್ನು ಕಲ್ಲಿನ ಸಂದಿಗೆ ಒತ್ತಿ ಹೆಬ್ಬೆರಳಿನಿಂದ ಸವರಿದಳು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು, ಅಪ್ಪನ ಮಾತಿಗೆ ಆ ನೌಕರಿ ಬಿಟ್ಟು ಈ ಜಾಲಿ ಕಾಡಿಗೆ ಬಂದವಳು ಅವಳು. ನಾನು ಅವಳ ಮುಖ ನೋಡಿದೆ. ತುಟಿಗಳು ಹೊಲಿಗೆ ಹಾಕಿದ ಹಾಗೆ ಮುಚ್ಚಿಕೊಂಡಿದ್ದವು. ನಮ್ಮ ಮನೆ ಪೂರ್ತಿ ಏಳುವ ಮೊದಲೇ ಅದರೊಳಗೊಂದು ಜಗಳ ಬಂದು ಕೂತಿದ್ದು ನನಗೆ ಆಗಲೇ ತಿಳಿಯಿತು.

ಅಪ್ಪ ಹೀಗಾದದ್ದಕ್ಕೆ ಕಾರಣವಿತ್ತು. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಅವನು ಹಮಾಲಿ ಮಾಡುತ್ತಿದ್ದ. ಅಜ್ಜಿ ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹೆತ್ತ ಮಗನಾದ್ದರಿಂದ ಅವನ ಹುಟ್ಟುಹೆಸರು ಹುಸೇನಪ್ಪ. ಕಲ್ಲೂರಿನ ಕ್ರೈಸ್ತರ ಹುಡುಗಿಯಾದ ನಮ್ಮವ್ವ ಕರುಣಮ್ಮನನ್ನು ಮದುವೆಯಾಗಲು ದೀಕ್ಷಾಸ್ನಾನ ಮಾಡಿಸಿಕೊಂಡು ಸಮುವೇಲನಾದ. ಹೆಸರು ಬದಲಾಯಿತೇ ಹೊರತು ಮನುಷ್ಯ ಅವನೇ. ಚರ್ಚಿಗೆ ಹೋಗುವುದು ಕ್ರಿಸ್ಮಸ್ಸಿಗೆ ಮಾತ್ರ. ಆಮೇಲೆ ಕೆಮ್ಮು ಹಿಡಿಯಿತು, ಕೆಮ್ಮಿನಲ್ಲಿ ರಕ್ತ ಕಂಡಿತು. ಅವ್ವ ಆಸ್ಪತ್ರೆಯಿಂದ ಗುಳಿಗೆ ತಂದು, ಅವನು ನುಂಗುವವರೆಗೆ ಎದುರಿಗೇ ನಿಂತು, ಬಾಯಿ ತೆರೆಸಿ ನೋಡುತ್ತಿದ್ದಳು. ಅದೇ ತಿಂಗಳುಗಳಲ್ಲಿ ಅಪ್ಪ ನಮ್ಮ ಓಣಿಯ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ. ಒಂದು ಸಂಜೆ ಅಲ್ಲಿ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರಂತೆ, ಎದೆಯೊಳಗೆ ಬೆಚ್ಚಗೆ ಏನೋ ಹರಿದಂತಾಯಿತಂತೆ. ಮನೆಗೆ ಬಂದವನೇ ಉಳಿದಿದ್ದ ಗುಳಿಗೆಗಳನ್ನು ಗಟಾರಕ್ಕೆ ಸುರಿದ. ಕೆಮ್ಮು ಮತ್ತೆ ಬರಲಿಲ್ಲ. ಅಪ್ಪ ಈ ಕತೆ ಹೇಳುವಾಗ ಅದರಲ್ಲಿ ಗುಳಿಗೆಗಳು ಇರುತ್ತಿರಲಿಲ್ಲ. ಅವ್ವ ಹೇಳಿದ್ದರೆ ಗುಳಿಗೆಯೂ ಇರುತ್ತಿತ್ತು, ದೇವರೂ ಇರುತ್ತಿದ್ದ. ಆದರೆ ಅವ್ವನನ್ನು ಯಾರೂ ಕೇಳುತ್ತಿರಲಿಲ್ಲ.

ಗುಣವಾದ ಮೇಲೆ ಅಪ್ಪನಿಗೆ ಊರಿನಲ್ಲಿ ನಿಲ್ಲಲಾಗಲಿಲ್ಲ. ಸುವಾರ್ತೆ ಕೇಳದ ಜನರ ನಡುವೆ ಹೋಗಿ ಇರಬೇಕು ಅಂದ. ಕೂಟದ ಹಿರಿಯರೊಬ್ಬರಿಗೆ ದೇವದುರ್ಗದ ಆಚೆ, ಗುಡ್ಡದ ಬುಡದಲ್ಲಿ ಏನೂ ಬೆಳೆಯದ ಕಲ್ಲುಭೂಮಿ ಇತ್ತು. ಅದನ್ನೇ ಕೊಟ್ಟರು. ಬಸ್ಸಿನಲ್ಲಿ ದೇವದುರ್ಗ, ಅಲ್ಲಿಂದ ಇನ್ನೊಂದು ಬಸ್ಸು, ಬಸ್ಸಿನ ರಸ್ತೆ ಮುಗಿದಲ್ಲಿಂದ ಎತ್ತಿನ ಬಂಡಿ. ಸುತ್ತ ಜಾಲಿ, ಕಾರಿಕಂಟಿ, ತಂಗಡಿ ಗಿಡ, ನಡುನಡುವೆ ಆನೆಯಂಥ ಬಂಡೆಗಳು. ಕುರಿ ಕಾಯುವವರ ಒಂದು ದೊಡ್ಡಿ, ಅಂದರೆ ಹತ್ತಾರು ಗುಡಿಸಲುಗಳ ಗುಂಪು, ಗುಡ್ಡದ ಆ ಬದಿಗೆ. ಅದು ಬಿಟ್ಟರೆ ಮನುಷ್ಯರಿಲ್ಲ. ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ಇಲ್ಲಿ ಸಾಲೆ ಎಲ್ಲಿ ಅಂತ ಕೇಳಿದೆ. ಅವ್ವ ಸುತ್ತ ನೋಡಿ, "ನಾ ಕಲಸ್ತೀನಿ ಬಾ" ಅಂದಳು.

ಮನೆಯನ್ನು ನಾವೇ ಕಟ್ಟಿದೆವು. ಅಪ್ಪ ಹಾರೆಯಿಂದ ಕಲ್ಲು ಎಬ್ಬಿಸುತ್ತಿದ್ದ, ಅವ್ವ ಹೊರುತ್ತಿದ್ದಳು, ಅಜ್ಜಿ ಸಗಣಿ ಬೆರೆಸಿ ಮಣ್ಣು ತುಳಿಯುತ್ತಿದ್ದಳು. ನೀರಿಗೆ ಒಣಗಿದ ಹಳ್ಳದ ಉಸುಕು ಕೆದರಿ ಒರತಿ ಮಾಡಿಕೊಂಡಿದ್ದೆವು. ಚಿಪ್ಪಿನಿಂದ ತೋಡಿ ತೋಡಿ ಕೊಡ ತುಂಬಿಸುವುದು ನನ್ನ ಕೆಲಸ. ಒಂದು ಮುಂಜಾನೆ ಹೋದಾಗ ಒರತಿಯ ತುಂಬ ಜಾಲಿಮುಳ್ಳು ತುರುಕಿದ್ದರು. ಬೇಲಿಯನ್ನೂ ಎರಡು ಸಲ ಕಿತ್ತು ಒಗೆದಿದ್ದರು. ದೊಡ್ಡಿಯ ಹಿರಿಯ ದುರುಗಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ನಮ್ಮ ಅರೆಗೋಡೆಯ ಮುಂದೆ ನಿಂತ.

"ಇವತ್ತ ಮನಿ ಕಟ್ತೀರಿ. ನಾಳಿಗಿ ಬೋರ್ಡ್ ಹಾಕ್ತೀರಿ. ನಾಡದು ಕುರಿ ಅಡ್ಡಾಡಬ್ಯಾಡ್ರಿ ಅಂತೀರಿ. ನಾವೆಲ್ಲಿಗಿ ಹೋಗಬೇಕ್ರಿ?"

ಅಪ್ಪ ಬೇಲಿಯ ಒಂದು ಬದಿ ಪೂರ್ತಿ ತೆಗೆದು ಕುರಿಗಳಿಗೆ ದಾರಿ ಬಿಟ್ಟ. ಆದರೂ ದುರುಗಪ್ಪನ ಮುಖ ಸಡಿಲವಾಗಲಿಲ್ಲ. ಕೆಲವು ವಾರಗಳ ನಂತರ ಅವನ ಹೆಂಡತಿ ಅಂಬಮ್ಮನಿಗೆ ಹೊಟ್ಟೆನೋವು ಎದ್ದು ನೆಲಕ್ಕೆ ಬಿದ್ದು ಹೊರಳಾಡಿದಾಗ ಅವರೇ ಅಪ್ಪನನ್ನು ಕರೆದೊಯ್ದರು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಬೆವರು ಕಿತ್ತುಬರುವವರೆಗೆ ಪ್ರಾರ್ಥಿಸಿದ. ಅಂಬಮ್ಮ ಎದ್ದು ಕೂತು ನೀರು ಕುಡಿದಳು. ಅಲ್ಲಿಂದ ಒರತಿಗೆ ಮುಳ್ಳು ಬೀಳುವುದು ನಿಂತಿತು. ಐತಾರ ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ಜನ ಕೂಡತೊಡಗಿದರು. ಜ್ವರ ಬಂದವರು, ಸೊಂಟ ಹಿಡಿದವರು, ಮಕ್ಕಳಾಗದವರು. ಅಪ್ಪನಿಗೆ ಪಾಸ್ಟರಪ್ಪ ಅಂತ ಹೆಸರಾಯಿತು. ಅವನ ನಡಿಗೆ ಬದಲಾಯಿತು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತಾಗಿತ್ತು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮುಂದಿರುತ್ತಿದ್ದವು. ಅಪ್ಪ ಕಣ್ಣು ಮುಚ್ಚಿದನೆಂದರೆ ದೊಡ್ಡಿಯ ಒಬ್ಬೊಬ್ಬರ ಹೆಸರೂ ದೇವರಿಗೆ ಒಪ್ಪಿಸದೆ ಕಣ್ಣು ತೆರೆಯುತ್ತಿರಲಿಲ್ಲ. ಅಜ್ಜಿ ನಮ್ಮ ಜೊತೆ ಕೂಡುತ್ತಿರಲಿಲ್ಲ. ಅವಳು ಕಡೆಯವರೆಗೂ ತನ್ನ ಹೆಸರಿನದೇ ದೇವಿ ಹುಲಿಗೆಮ್ಮನ ಅರಿಸಿನದ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುವುದು ಬಿಡಲಿಲ್ಲ. ಅದಕ್ಕೇ ಹೊರಗಿನ ತಡಿಕೆಯ ನೆರಳಿನಲ್ಲಿ ಅವಳ ಹಾಸಿಗೆ, ಅಲ್ಲೇ ಅವಳ ಗಂಗಾಳ.

"ಸಾಕ್ ಮಾಡೋ ಹುಸೇನ್ಯಾ, ರೊಟ್ಟಿ ಆರಾಕತ್ತಾವ. ದೇವ್ರಿಗಿ ಬ್ಯಾರೆ ಮನಿನೂ ಅದಾವ," ಅಂತ ಅಲ್ಲಿಂದಲೇ ಕೂಗುತ್ತಿದ್ದಳು.

ನಾನು ನಗು ತಡೆದುಕೊಳ್ಳುತ್ತಿದ್ದೆ. ಅವ್ವ ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಟ್ಟಿಗೆ ಎತ್ತುವಾಗ ನನಗೆ ಚೇಳು ಕಡಿಯಿತು. ಬೆರಳಿನಿಂದ ಹೆಗಲವರೆಗೆ ಬೆಂಕಿ ಹರಿದಂತಾಯಿತು. ಅಪ್ಪ ನನ್ನ ಕೈ ಹಿಡಿದು ಪ್ರಾರ್ಥನೆಗೆ ಕೂತ. ನಾನು ಅವ್ವನ ಸೆರಗು ಕಚ್ಚಿಕೊಂಡು ಚೀರಿದೆ. ಅವ್ವ ನನ್ನ ನಾಡಿ ನೋಡಿದಳು, ರೆಪ್ಪೆ ಎಳೆದು ಕಣ್ಣು ನೋಡಿದಳು, ಕಡಿದ ಜಾಗ ತೊಳೆದಳು, ಅಷ್ಟೇ. ಉರಿ ಸ್ವಲ್ಪ ಇಳಿದ ಮೇಲೆ ಗೋಡೆಯ ಆಚೆಯಿಂದ ಅಜ್ಜಿಯ ಮಾತು ಕೇಳಿಸಿತು.

"ನರ್ಸಬಾಯಿ ಅಂತ ಹೆಮ್ಮಿಲಿಂದ ಕರಕೊಂಡು ಬಂದೀವಿ ನಿನ್ನ. ಕೂಸು ಹಂಗ ಒದರಾಕತ್ತಿದ್ರ ಸುಮ್ನ ನಿಂತೀಯಲ್ಲ ಬೇ!"

"ಅದು ಕರಿಚೇಳು ಅತ್ತೀ. ಉರಿ ಜಾಸ್ತಿ, ಜೀವಕ್ಕ ಏನಾಗಂಗಿಲ್ಲ. ಅದು ಗೊತ್ತಿದ್ದಕ್ಕ ಸುಮ್ಮನಿದ್ದೆ. ಜೀವ ತಗೊಳ್ಳೋ ಬ್ಯಾನಿ ಬರ್ಲಿ, ಆವತ್ತ ನಾ ಸುಮ್ಮನಿರಂಗಿಲ್ಲ."

ಆ ಮಾತು ಕೇಳಿದ ಮೇಲೆ ನನಗೆ ನೆಮ್ಮದಿ ಹೋಯಿತು. ಯೋನಾ ಕೆಮ್ಮಿದರೆ ಓಡಿಹೋಗಿ ಅವನ ಹಣೆ ಮುಟ್ಟುತ್ತಿದ್ದೆ. ಅಜ್ಜಿ ತಲೆ ಹಿಡಿದುಕೊಂಡರೆ ಅವಳ ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ. ಆ ದಿನ ಬಂದರೆ ಅವ್ವ ಏನು ಮಾಡಬಹುದು, ಅಪ್ಪ ಏನು ಮಾಡಬಹುದು, ಆಗ ನಾನು ಯಾರ ಕಡೆ ನಿಲ್ಲಬೇಕು ಅಂತ ಒಬ್ಬಳೇ ಕೂತು ಯೋಚಿಸುತ್ತಿದ್ದೆ.

ಜೋಳ ತೆನೆ ಕಟ್ಟುವ ಹೊತ್ತಿಗೆ, ಚಳಿ ಬಿದ್ದ ದಿನಗಳಲ್ಲಿ ಅದು ಬಂತು. ಯೋನಾ ಆಗ ಇಡೀ ದಿನ ಮಾತಾಡುತ್ತಿದ್ದ ಹುಡುಗ. ಕುರಿಗಳನ್ನು ಅಣಕಿಸುವುದು, ಅಪ್ಪನ ಹಾಡು ಹಾಡುವುದು, ಅಜ್ಜಿಯ ಬೈಗುಳಗಳನ್ನು ಅವಳ ದನಿಯಲ್ಲೇ ಬೈಯುವುದು. ಮೊದಲು ಜ್ವರ ಬಂತು, ಆಮೇಲೆ ವಾಂತಿ. ಬಾಗಿಲಿನಿಂದ ಬರುವ ಬೆಳಕಿಗೆ ಮುಖ ತಿರುಗಿಸಿಕೊಂಡು ಮಲಗಿದ. ಶನಿವಾರ ಮಧ್ಯಾಹ್ನ ಅವ್ವ ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡಳು.

"ಯೋನಾ, ನನ್ನಪ್ಪಾ, ಗದ್ದ ಎದಿಗಿ ಹಚ್ಚು ನೋಡಮು."

ಅವನಿಗೆ ಆಗಲಿಲ್ಲ. ಅವ್ವ ಮೆಲ್ಲಗೆ ಅವನ ತಲೆ ಬಗ್ಗಿಸಲು ಹೋದಳು. ಕುತ್ತಿಗೆ ಕಟ್ಟಿಗೆಯಂತೆ ಸೆಟೆದಿತ್ತು; ಅವನು ಕಿಟ್ಟನೆ ಕಿರುಚಿದ. ಅವ್ವ ಅವನನ್ನು ಮಲಗಿಸಿ, ಎದ್ದು ಅಪ್ಪನ ಮುಂದೆ ನಿಂತಳು.

"ಇದು ಮೆದುಳು ಜ್ವರ. ವಾರ್ಡಿನ್ಯಾಗ ಎಷ್ಟೋ ಮಕ್ಕಳನ್ನ ನೋಡೀನಿ. ಈಗಿಂದೀಗ ಹೊಂಡಬೇಕ್ರಿ."

"ನಾಳಿಗಿ ಐತಾರ. ಜನ ಎಲ್ಲಾ ಬರ್ತಾರ. ಸಭಾದ ಮುಂದ ಪ್ರಾರ್ಥನಾ ಮಾಡಮು."

"ನಾಳಿಮಟ ಆಗಂಗಿಲ್ಲ."

"ಅಂಬಮ್ಮಗ ಆಗ್ಲಿಲ್ಲೇನು? ನನಗ ಆಗ್ಲಿಲ್ಲೇನು? ಮಂದಿ ಮಕ್ಕಳಿಗೆ ವಿಶ್ವಾಸ ಇಡ್ರಿ ಅಂತ ಹೇಳಿ ನನ್ನ ಮಗನ್ನ ದವಾಖಾನಿಗೆ ಒಯ್ಯಲೇನು?"

ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಅದು ಈಗ ತಿಳಿಯುತ್ತದೆ. ಅವನೂ ಉಪವಾಸವಿದ್ದ, ಕಣ್ಣು ಕೆಂಪಾಗಿದ್ದವು. ಅವ್ವ ಅಂಗಳಕ್ಕೆ ಬಂದು ದೊಡ್ಡಿಯ ದಾರಿ ನೋಡಿದಳು. ಗಂಡಸರೆಲ್ಲ ಬಂಡಿ ಕಟ್ಟಿಕೊಂಡು ದೇವದುರ್ಗದ ಸಂತೆಗೆ ಹೋಗಿದ್ದರು. ರಸ್ತೆಯವರೆಗೆ ಕೂಸನ್ನು ಹೊತ್ತು ನಡೆದರೆ ಕತ್ತಲಾಗುತ್ತಿತ್ತು, ಆ ಹೊತ್ತಿಗೆ ಅಲ್ಲಿ ಬಸ್ಸೂ ಇಲ್ಲ. ಒಳಗೆ ಬಂದು ಯೋನಾನ ಪಕ್ಕ ಕೂತು, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಲೇ ಇದ್ದಳು. 

ಐತಾರ ಬಿಸಿಲು ಏರುವಾಗ ಬೇವಿನ ಗಿಡದ ಕೆಳಗೆ ಎಂದಿಗಿಂತ ಹೆಚ್ಚು ಜನ. ರಾತ್ರಿ ಸಂತೆಯಲ್ಲೇ ಉಳಿದಿದ್ದ ಬಂಡಿಗಳು ಆಗಷ್ಟೇ ಮರಳಿದ್ದವು, ಪಾಸ್ಟರಪ್ಪನ ಮಗನಿಗೆ ಬೇನೆ ಅಂತ ಸುದ್ದಿ ಮುಟ್ಟಿತ್ತು. ಅಪ್ಪ ಯೋನಾನನ್ನು ಎತ್ತಿ ತಂದು ಜನರ ನಡುವೆ ಚಾಪೆಯ ಮೇಲೆ ಮಲಗಿಸಿ, ಮೊಣಕಾಲೂರಿ, ತಲೆಯ ಮೇಲೆ ಎರಡೂ ಕೈಯಿಟ್ಟ. ಅವನ ದನಿ ಏರುತ್ತಾ ಹೋಯಿತು. ಹೆಂಗಸರು ಅಳತೊಡಗಿದರು. ಆಗ ಅವ್ವ ಒಳಗಿನಿಂದ ಬಂದಳು. ಕಾಲಲ್ಲಿ ಚಪ್ಪಲಿ, ಹೆಗಲಿಗೆ ಬಟ್ಟೆಯ ಚೀಲ. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬಗ್ಗಿ, ಅಪ್ಪನ ಕೈಗಳ ಕೆಳಗಿನಿಂದ ಯೋನಾನನ್ನು ಎತ್ತಿಕೊಂಡಳು. ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಅಪ್ಪ ಎದ್ದು ಅವಳಿಗೆ ಅಡ್ಡ ನಿಂತ.

"ಕರುಣಾ, ಕೂಸಿನ್ನ ಕೆಳಗಿಡು. ಪ್ರಾರ್ಥನಾ ಮುಗಿದಿಲ್ಲ."

"ನೀವು ಮಾಡ್ರಿ. ನಾನೂ ದಾರಿ ತುಂಬ ಮಾಡ್ಕೋತ ಹೋಗ್ತೀನಿ."

"ಇಷ್ಟು ಜನರ ಮುಂದ ದೇವರ ಹೆಸರು ಕೆಡಸ್ತೀಯೇನು?"

"ಕೆಡೋದು ದೇವರ ಹೆಸರಲ್ರಿ, ನಿಮ್ಮ ಹೆಸರು. ಸರೀರಿ."

ಅಪ್ಪ ಸರಿಯಲಿಲ್ಲ.  ಆಗ ತಡಿಕೆಯ ನೆರಳಿನಿಂದ ಅಜ್ಜಿ ಎದ್ದು ಬಂದಳು. ಆ ಗಿಡದ ಕೆಳಗಿನ ಸಭೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಹಣೆಯ ತುಂಬ ಭಂಡಾರ ಹಚ್ಚಿಕೊಂಡೇ ಬಂದು ಮಗನ ಎದೆಯ ಮೇಲೆ ಅಂಗೈಯಿಟ್ಟಳು.

"ಬಾಜೂ ಸರಿ ಹುಸೇನ್ಯಾ. ನಿನ್ನ ಹಡದಾಕಿ ಹೇಳಾಕತ್ತೀನಿ. ಬಾಜೂ ಸರಿ."

ಅವಳು ತಳ್ಳಲಿಲ್ಲ, ಬರೀ ಕೈಯಿಟ್ಟಿದ್ದಳು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ದುರುಗಪ್ಪ ಎದ್ದು, "ಏ, ಬಂಡಿ ಹೂಡ್ರಲೇ ಲಗೂನ" ಅಂತ ಕೂಗಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಪಾಸ್ಟರಪ್ಪಾ, ನೀವೂ ಬರ್ರಿ," ಎಂದ. ಅಪ್ಪ ಚಾಪೆ ನೋಡುತ್ತಾ ನಿಂತಿದ್ದ. ನಾನು ಅವನ ಮುಖ ನೋಡಿದೆ, ಅವ್ವನ ಬೆನ್ನು ನೋಡಿದೆ. ಅಷ್ಟು ದಿನ ಯೋಚಿಸಿದ್ದೆಲ್ಲ ಎಲ್ಲಿ ಹೋಯಿತೋ, ನನ್ನ ಕಾಲು ಅವ್ವನ ಹಿಂದೆ ಓಡಿದವು.

ಬಂಡಿ ಕಲ್ಲುದಾರಿಯಲ್ಲಿ ಎಗರಿದಾಗಲೆಲ್ಲ ಯೋನಾ ನರಳುತ್ತಿದ್ದ. ಅವ್ವ ಅವನ ತಲೆ ಅಲುಗದಂತೆ ತನ್ನ ಎರಡು ಅಂಗೈಗಳಲ್ಲಿ ಹಿಡಿದುಕೊಂಡೇ ಕೂತಿದ್ದಳು. ಹಳ್ಳ ದಾಟುವಾಗ ಅವನ ಕಣ್ಣುಗುಡ್ಡೆ ಮೇಲಾಗಿ ಕೈಕಾಲು ಸೆಳೆದವು. ನಾನು ಅತ್ತೆ. "ಅಳಬ್ಯಾಡ, ಅವನ ಕಾಲು ಹಿಡಿ," ಎಂದಳು ಅವ್ವ. ದೇವದುರ್ಗದ ಡಾಕ್ಟರು ನೋಡಿದ ಕೂಡಲೇ ಒಂದು ಇಂಜೆಕ್ಷನ್ ಕೊಟ್ಟು, ಇಲ್ಲಿ ನಿಲ್ಲಬೇಡಿ, ರಾಯಚೂರಿಗೆ ಒಯ್ಯಿರಿ ಎಂದರು. ಜೀಪಿನಲ್ಲಿ ಹೋದೆವು. ಅವ್ವ ಕೆಲಸ ಮಾಡುತ್ತಿದ್ದ ಆಸ್ಪತ್ರೆಯೇ. ಬಾಗಿಲಲ್ಲಿದ್ದ ಅವಳ ಹಳೆಯ ಗೆಳತಿ, ಯಾಕಿಷ್ಟು ತಡ ಅಂತ ಕೇಳಲು ಬಾಯಿ ತೆರೆದವಳು ಅವ್ವನ ಮುಖ ನೋಡಿ ಕೂಸನ್ನು ಇಸಿದುಕೊಂಡು ಒಳಗೆ ಓಡಿದಳು. ಯೋನಾನನ್ನು ಮುದುಡಿಸಿ ಹಿಡಿದು ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆದರು. ಅವ್ವ ಹೊರಗೆ ನಿಲ್ಲಲಿಲ್ಲ. ಅವನನ್ನು ಹಿಡಿದವಳು ಅವಳೇ.

ಅವನು ಉಳಿದ. ಕಣ್ಣು ತೆರೆದ, ಅವ್ವನನ್ನು ಗುರುತಿಸಿದ, ಮೋಸಂಬಿ ಹಣ್ಣು ಚೀಪಿದ. ಅವನು ಎದ್ದು ಕೂಡುವಷ್ಟಾದಾಗ ಅಪ್ಪ ಬಂದ. ಗಡ್ಡ ಬೆಳೆದಿತ್ತು, ಉಪವಾಸದಿಂದ ಅಂಗಿ ಜೋತುಬಿದ್ದಿತ್ತು. ಯೋನಾ ಬಾಗಿಲಿಗೆ ಬೆನ್ನು ಮಾಡಿ ಮಂಚದ ಮೇಲೆ ಖಾಲಿ ಡಬ್ಬಿಗಳನ್ನು ಜೋಡಿಸುತ್ತಿದ್ದ. ಅಪ್ಪ ಬಾಗಿಲಲ್ಲಿ ನಿಂತು, "ಯೋನಾ!" ಎಂದ. ಸಾವಿರ ಜನಕ್ಕೆ ಕೇಳಿಸುವಂಥ ದನಿ ಅವನದು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯೋನಾ ಒಬ್ಬನೇ ತಿರುಗಲಿಲ್ಲ.

ಅಪ್ಪ ಇನ್ನೊಮ್ಮೆ ಕರೆದ. ಆಮೇಲೆ ತಗ್ಗಿದ ದನಿಯಲ್ಲಿ ಅವ್ವನನ್ನು ಕೇಳಿದ:

"ಸಿಟ್ಟಾಗ್ಯಾನೇನು ನನ್ನ ಮ್ಯಾಲ?"

"ಸಿಟ್ಟಲ್ಲ. ಎರಡೂ ಕಿವಿ ಹೋಗ್ಯಾವ. ಕೇಳಸಂಗಿಲ್ಲ ಅವಗ."

ಅಪ್ಪ ಮಂಚದ ಸರಳು ಹಿಡಿದುಕೊಂಡ. ಒಂದು ದಿನ ಮೊದಲು ತಂದಿದ್ದರೆ ಅಂತ ಅವನು ಡಾಕ್ಟರನ್ನು ಕೇಳಿದ್ದನ್ನು ನಾನು ಕೇಳಿಸಿಕೊಂಡೆ. ಕಿವಿ ಉಳಿಯುತ್ತಿತ್ತೇನೋ, ಹೋಗುತ್ತಿತ್ತೇನೋ, ಹೇಳಲಾಗುವುದಿಲ್ಲ ಎಂದರು ಅವರು. ಆ ಉತ್ತರದೊಡನೆ ಅಪ್ಪ ಉಳಿದ ಆಯುಷ್ಯವನ್ನೆಲ್ಲ ಬದುಕಿದ. ಅವ್ವ ಆ ಪ್ರಶ್ನೆಯನ್ನು ಅವನ ಮುಂದೆ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಆಸ್ಪತ್ರೆಯಿಂದ ಅವ್ವ ನಮ್ಮನ್ನು ನೆಟ್ಟಗೆ ಕಲ್ಲೂರಿಗೆ, ತನ್ನ ತವರಿಗೆ ಕರೆದೊಯ್ದಳು. ಕಾಡಿನ ಮನೆಯ ಹೆಸರೆತ್ತಲಿಲ್ಲ. ಬೇಸಿಗೆ ಹತ್ತಿರವಾದಾಗ ಅಂಬಮ್ಮ ಹುಡುಕಿಕೊಂಡು ಬಂದಳು. ಅಪ್ಪನೂ ಬಂದಿದ್ದ, ಆದರೆ ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂತ.

"ನರ್ಸವ್ವಾ, ನಮ್ಮ ಸೊಸಿ ಬಸುರಿ ಅದಾಳ್ರಿ. ದೊಡ್ಡ್ಯಾಗ ಹೋದ ವರ್ಷ ಒಬ್ಬಾಕಿ ಹಡಿಯೋ ಮುಂದ ಹೋದ್ಲು. ನೀವು ಇದ್ರ ನಮಗ ಧೈರ್ಯ," ಎಂದಳು ಅಂಬಮ್ಮ.

ಅವ್ವ ಹೊರಗೆ ಬಂದು ಅಪ್ಪನ ಎದುರಿಗೆ ನಿಂತಳು.

"ಬರ್ತೀನಿ. ಔಷಧಿ ಡಬ್ಬಿ ತಗೊಂಡ ಬರ್ತೀನಿ. ಅದು ನೀವು ಪ್ರಾರ್ಥನಾ ಮಾಡೋ ಜಾಗಾದಾಗ ಇರ್ತದ, ಎಲ್ಲರಿಗೂ ಕಾಣಂಗ."

ಅಪ್ಪ ತಲೆ ಎತ್ತಲಿಲ್ಲ. "ಇರ್ಲಿ," ಎಂದ. ಆಮೇಲೆ, "ನನಗ ಪ್ರಾರ್ಥನಾ ಮಾಡಾಕ ಬಾಯಿ ಬರವಲ್ದು ಕರುಣಾ," ಎಂದ. ಅವ್ವ ಅವನ ಪಕ್ಕ, ಒಂದು ಮೊಳ ಬಿಟ್ಟು, ಕಟ್ಟೆಯ ಮೇಲೆ ಕೂತಳು. ಅವರು ಅಷ್ಟು ಹತ್ತಿರ ಕೂತದ್ದನ್ನು ನಾನು ನೋಡಿ ತಿಂಗಳುಗಳಾಗಿದ್ದವು.

ಮರಳಿದ ದಿನವೇ ಯೋನಾ ಬಂಡಿಯಿಂದ ಜಿಗಿದು ಕಂಟಿಗಳ ಒಳಗೆ ಓಡಿದ. ಎಲ್ಲರೂ ಅವನ ಹೆಸರು ಹಿಡಿದು ಕೂಗಿದೆವು. ಕೂಗಿ ಏನು ಬಂತು? ಅಪ್ಪ ಓಡಿದ. ಮುಳ್ಳಿಗೆ ಧೋತ್ರ ಹರಿದುಕೊಂಡು, ಅವನಿಗಿಂತ ಮುಂದೆ ಹೋಗಿ, ಎದುರಿಗೆ ಮೊಣಕಾಲೂರಿ ಎರಡೂ ಕೈ ಚಾಚಿದ. ಯೋನಾ ನಕ್ಕು ಬಂದು ಅವನ ಕೊರಳಿಗೆ ಜೋತುಬಿದ್ದ. ಆದರೆ ಮನೆಯೊಳಗೆ ಬಂದ ಮೇಲೆ ಬೇರೆ ತೊಂದರೆ ಸುರುವಾಯಿತು. ಅವ್ವ ಅಡಿಗೆ ಮಾಡಲು ಗೋಡೆಯ ಆಚೆ ಹೋದರೆ ಸಾಕು, ಅವನು ಬೆದರಿ ಚೀರುತ್ತಿದ್ದ. ದನಿ ಕೇಳಿಸದವನಿಗೆ ಕಣ್ಣಿಗೆ ಕಾಣದವರು ಇಲ್ಲವೇ ಇಲ್ಲ. ದಿನವೂ ಇದೇ ಆಯಿತು. ಒಂದು ಮುಂಜಾನೆ ಅಪ್ಪ ಹಾರೆ ತೆಗೆದುಕೊಂಡು ಬಂದ. ಪ್ರಾರ್ಥನೆಯ ಕೋಣೆಗೂ ಅಡಿಗೆ ಮನೆಗೂ ನಡುವಿದ್ದ ಗೋಡೆಯ ಮೇಲಿನ ಕಲ್ಲಿಗೆ ಹಾರೆ ಹಾಕಿದ.

"ಏನ್ ಮಾಡಾಕತ್ತೀರಿ?" ಎಂದಳು ಅವ್ವ, ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ.

"ಕೂಸಿಗಿ ನೀ ಕಾಣಬೇಕು," ಎಂದ ಅಪ್ಪ.

ಮಧ್ಯಾಹ್ನದೊಳಗೆ ಗೋಡೆ ನೆಲಸಮವಾಯಿತು. ಧೂಳು ತಗ್ಗಿದಾಗ ಮನೆ ಒಂದೇ ಕೋಣೆಯಾಗಿತ್ತು. ಪ್ರಾರ್ಥನೆಯ ಜಾಗದಲ್ಲಿ ಔಷಧಿ ಡಬ್ಬಿ, ಒಲೆಯ ಮುಂದೆ ಅವ್ವ, ಈ ಮೂಲೆಯಲ್ಲಿ ನಾನು, ಬಾಗಿಲಾಚೆ ತಡಿಕೆಯ ನೆರಳಿನಲ್ಲಿ ಅಜ್ಜಿ, ನಡುವೆ ಯೋನಾ ಒಬ್ಬೊಬ್ಬರನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಆ ಮನೆಯಲ್ಲಿ ಯಾರೂ ಬೆನ್ನು ಮಾಡಿ ಮಾತಾಡಲಿಲ್ಲ. ಅಪ್ಪ ಅವ್ವ ಜಗಳಾಡಿದರೂ ಎದುರುಬದುರು ನಿಂತೇ ಆಡುತ್ತಿದ್ದರು, ಯೋನಾ ಇಬ್ಬರ ಮುಖ ನೋಡಿ ಯಾರದು ತಪ್ಪು ಅಂತ ಬೆರಳು ತೋರಿಸುತ್ತಿದ್ದ.

ಈಗ ಅವನು ಮಾನ್ವಿಯಲ್ಲಿ ಟೇಲರ್. ವಿಡಿಯೊ ಕಾಲ್ ಮಾಡಿ ಕೈಯಲ್ಲಿ ಮಾತಾಡುತ್ತಾನೆ, ನಾನು ರಾಯಚೂರಿನಿಂದ ಕೈಯಲ್ಲೇ ಉತ್ತರ ಕೊಡುತ್ತೇನೆ. ಸಾಲೆಯಲ್ಲಿ ಪಾಠ ಮಾಡುವಾಗ ಬೋರ್ಡಿನ ಕಡೆ ಮುಖ ಮಾಡಿ ನನಗೆ ಒಂದು ಮಾತೂ ಆಡಲು ಬರುವುದಿಲ್ಲ. ಬರೆಯುವುದು ನಿಲ್ಲಿಸಿ, ತಿರುಗಿ, ಮಕ್ಕಳ ಕಣ್ಣು ಸಿಕ್ಕ ಮೇಲೆಯೇ ಬಾಯಿ ತೆರೆಯುತ್ತೇನೆ.